ಹಿಂಬರಹಕ್ಕೆ ಸಹಿ ಯಾರದು?

ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ಹಿಂಬರಹ ಎಂಬ ಒಂದು ಮಾತಿದೆ. ಅರ್ಜಿ ಹಿಡಿದು ಅಲೆದವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು: ನಿನ್ನ ಕೆಲಸ ಆಗುವುದಿಲ್ಲ. ಹಿಂದೆ ಅರ್ಜಿಯ ಬೆನ್ನ ಮೇಲೇ ಬರೆದು ಕೊಡುತ್ತಿದ್ದುದರಿಂದ ಆ ಹೆಸರು ಬಂದಿರಬೇಕು. ಈಗ ಬೇರೆ ಹಾಳೆಯಲ್ಲಿ ಬರುತ್ತದೆ. ಮೇಲೆ ಕಡತದ ಸಂಖ್ಯೆ, ನಡುವೆ ‘ಸದರಿ ಅರ್ಜಿಯನ್ನು ತಿರಸ್ಕರಿಸಿ ಹಿಂಬರಹ ನೀಡಿದೆ’ ಎಂಬ ಸಾಲು, ಕೆಳಗೆ ಒಂದು ಸಹಿ, ಸಹಿಯ ಕೆಳಗೆ ಪದನಾಮ. ಮೂವತ್ತು ವರ್ಷಕ್ಕೂ ಮಿಕ್ಕಿ ಗುಮಾಸ್ತಿಕೆ ಮಾಡಿದ ನಾನು ಇಂಥವನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಈಗ ಹೇಳಬೇಕೆಂದಿರುವುದು ಆ ಸಹಿಯ ವಿಚಾರ.

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಕೋಟೆಗೆ ಬಂದಿದ್ದ. (ಹೆಗ್ಗಡದೇವನಕೋಟೆ ಎಂದು ನಾವು ಪೂರ್ತಿ ಹೆಸರು ಹೇಳುವುದು ಅರ್ಜಿ ಬರೆಯುವಾಗ ಮಾತ್ರ.) ಕಚೇರಿಯ ಕಾಗದಪತ್ರಗಳನ್ನು ಎ.ಐ., ಅಂದರೆ ಕೃತಕ ಬುದ್ಧಿಮತ್ತೆ, ತಾನೇ ನೋಡಿ ವಿಲೇವಾರಿ ಮಾಡುವ ವ್ಯವಸ್ಥೆಯೊಂದನ್ನು ಅವನ ಕಂಪನಿ ತಯಾರಿಸುತ್ತಿದೆಯಂತೆ. ಊಟವಾದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತ. ನನ್ನ ಕೈಯಲ್ಲೇ ವೃದ್ಧಾಪ್ಯ ವೇತನದ ಒಂದು ಸುಳ್ಳು ಅರ್ಜಿ ಬರೆಸಿ, ಫೋಟೋ ತೆಗೆದು ಅದಕ್ಕೆ ಕೊಟ್ಟ. ನನ್ನ ಹೆಂಡತಿಯೇ ಓದಲಾರದ ನನ್ನ ಅಕ್ಷರವನ್ನು ಅದು ಓದಿತು. ವಯಸ್ಸು, ಆದಾಯ, ವಿಳಾಸ ಎಲ್ಲ ಬೇರೆ ಬೇರೆ ತೆಗೆದಿಟ್ಟು, ಯಾವುದನ್ನು ಯಾವ ದಾಖಲೆಯ ಜೊತೆ ತಾಳೆ ನೋಡಬೇಕೆಂದು ಪಟ್ಟಿ ಮಾಡಿ, ಟಿಪ್ಪಣಿ ಬರೆದು, ಮಂಜೂರಾತಿ ಆದೇಶದ ಕರಡನ್ನೂ ಮುಂದಿಟ್ಟಿತು. ಒಂದು ನಿಮಿಷ ಹಿಡಿಯಲಿಲ್ಲ. ಟಿಪ್ಪಣಿ ಶುರುವಾದದ್ದು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು. ಪಾಪ, ಅದಕ್ಕೂ ಇದನ್ನು ಕಲಿಸಿಬಿಟ್ಟಿದ್ದಾರಲ್ಲ ಎಂದು ನಗು ಬಂತು.

“ಇನ್ನು ನಿಮ್ಮಂಥೋರು ಬೇಕಾಗಲ್ಲ ಬಿಡಿ ಮಾವ” ಎಂದ.

“ಒಳ್ಳೇದೇ ಆಯ್ತಲ್ಲಪ್ಪ” ಎಂದೆ.

ಇದನ್ನು ನಾನು ತಮಾಷೆಗೆ ಹೇಳಲಿಲ್ಲ. ಕಾಗದದ ರಾಜ್ಯಭಾರ ಹೇಗಿತ್ತೆಂದು ಬಲ್ಲವನು ಯಂತ್ರ ಬೇಡ ಎನ್ನಲಾರ. ನಮ್ಮ ಹಿರಿಯರು ಶಾನುಭೋಗರ ಜಗುಲಿಯ ಮುಂದೆ ಟವೆಲ್ಲು ಕೈಗೆ ತೆಗೆದುಕೊಂಡು ನಿಂತವರು. ವಂಶಪಾರಂಪರ್ಯ ಶಾನುಭೋಗಿಕೆಯನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು. ಜಗುಲಿ ಹೋಗಿ ಗ್ರಾಮಲೆಕ್ಕಿಗರ ಚೀಲ ಬಂತು. ಪಹಣಿ ಬೇಕಾದರೆ ಆ ಚೀಲವನ್ನು ಹುಡುಕಿಕೊಂಡು ಸಂತೆಯಿಂದ ಸಂತೆಗೆ ಹೋಗಬೇಕಿತ್ತು. ಸಿಕ್ಕಿದರೆ ಕೈಬೆಚ್ಚಗೆ ಮಾಡಬೇಕಿತ್ತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪ್ರಯೋಗ ಮಾಡಿ, 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳಿಗೂ ‘ಭೂಮಿ’ ಯೋಜನೆ ಬಂದಾಗ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿ ಮೊದಲು ಹೋಗಬೇಕು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ಕಂಪ್ಯೂಟರ್ ಬಿಡುವುದಿಲ್ಲ. ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಆಗ ಬಹಳ ಬೇಸರಪಟ್ಟುಕೊಂಡರು. ಬೇಸರದ ಕಾರಣ ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ಲಂಚಕ್ಕೋ ಗುಮಾಸ್ತರ ಕುರ್ಚಿಗೋ ವಕಾಲತ್ತು ವಹಿಸಲು ನಾನು ಬಂದಿಲ್ಲ. ಆದರೆ ಆ ದಿನ ಹುಡುಗನಿಗೆ ಇನ್ನೊಂದು ಕೆಲಸ ಹೇಳಿದೆ. “ಇದೇ ಅರ್ಜೀಲಿ ವಯಸ್ಸಿನ ದಾಖಲೆ ಇಲ್ಲ ಅಂತ ಇಟ್ಕೋ. ಏನ್ ಮಾಡುತ್ತೆ ನೋಡೋಣ.” ಅದೇ ವೇಗದಲ್ಲಿ, ಅಷ್ಟೇ ಶುದ್ಧ ಕನ್ನಡದಲ್ಲಿ, ಹಿಂಬರಹ ಬಂತು. ಕೆಳಗೆ ನೋಡಿದೆ. ‘ಇದು ಕಂಪ್ಯೂಟರ್ ಮೂಲಕ ಸಿದ್ಧಪಡಿಸಿದ ಪತ್ರ, ಸಹಿಯ ಅಗತ್ಯವಿಲ್ಲ’ ಎಂದಿತ್ತು.

ನನ್ನ ತಕರಾರು ಇರುವುದು ಇಷ್ಟಕ್ಕೇ. ಹೌದು ಎನ್ನುವುದನ್ನು ಯಂತ್ರ ಹೇಳಲಿ, ಬೇಕಾದರೆ ನಡುರಾತ್ರಿಯಲ್ಲಿ ಹೇಳಲಿ. ಇಲ್ಲ ಎನ್ನುವುದನ್ನು ಹೆಸರಿರುವ, ಮೇಜಿರುವ, ಹೋಗಿ ಎದುರು ನಿಲ್ಲಬಹುದಾದ ಒಬ್ಬ ಮನುಷ್ಯ ಹೇಳಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ನಮ್ಮ ಸೀಮೆಯದೇ ಒಂದು ಕಚೇರಿ, ಯಾವುದೆಂಬುದು ಬೇಡ. 2011ರ ಕಾಯ್ದೆಯ ಪ್ರಕಾರ 2012ರ ಏಪ್ರಿಲ್‌ನಲ್ಲಿ ‘ಸಕಾಲ’ ಜಾರಿಗೆ ಬಂದಿತ್ತು. ಮೊದಲಿಗೆ 151 ಸೇವೆಗಳು. ಪ್ರತಿಯೊಂದಕ್ಕೂ ಇಷ್ಟು ದಿನ ಎಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಹಾಗೆ, ಅರ್ಜಿದಾರನಿಗೆ ಪರಿಹಾರ. ಕಾಯ್ದೆ ಒಳ್ಳೆಯದೇ. ಜನರ ಕೆಲಸ ನಿಜಕ್ಕೂ ಚುರುಕಾಯಿತು. ಆದರೆ ಬಾಕಿ ಎಷ್ಟು, ಗಡುವು ಮೀರಿದ್ದು ಎಷ್ಟು ಎಂಬುದು ದಿನವೂ ಮೇಲಿನವರ ಕಂಪ್ಯೂಟರಿನಲ್ಲಿ ಕಾಣತೊಡಗಿತು. ಸಭೆಯಲ್ಲಿ ಕೇಳುತ್ತಿದ್ದುದು ಬಾಕಿಯನ್ನು. ವಿಲೇವಾರಿ ಆದದ್ದರಲ್ಲಿ ಮಂಜೂರು ಎಷ್ಟು, ತಿರಸ್ಕಾರ ಎಷ್ಟು ಎಂದು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಗಡುವಿನ ಹಿಂದಿನ ದಿನ ತಿರಸ್ಕರಿಸಿದರೂ ಕಡತ ಮುಗಿದ ಲೆಕ್ಕವೇ. ಈ ಉಪಾಯ ನಮಗೆ ಹೊಳೆಯಲು ಬಹಳ ದಿನ ಹಿಡಿಯಲಿಲ್ಲ.

ಹಾಡಿಯ ಹೆಂಗಸೊಬ್ಬಳ ಅರ್ಜಿ ಇತ್ತು, ವಿಧವಾ ವೇತನಕ್ಕೆ. ಗಂಡನ ಮರಣ ಪ್ರಮಾಣ ಪತ್ರ ಇರಲಿಲ್ಲ. ಅವನು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವನು ಅಲ್ಲೇ ಸತ್ತಿದ್ದ; ಯಾರೂ ಎಲ್ಲಿಯೂ ಬರೆಸಿರಲಿಲ್ಲ. ಗಡುವಿಗೆ ಒಂದು ದಿನ ಉಳಿದಿತ್ತು. ‘ಅಗತ್ಯ ದಾಖಲೆ ಲಗತ್ತಿಸದೇ ಇರುವುದರಿಂದ ಅರ್ಜಿಯನ್ನು ತಿರಸ್ಕರಿಸಬಹುದಾಗಿದೆ’ ಎಂದು ಬರೆದು ಮಂಡಿಸಿದೆ. ಸಾಹೇಬರು ಸಹಿ ಹಾಕಿದರು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹದಿನೈದು ದಿನ ಬಿಟ್ಟು ಆಕೆ ಬಂದಳು. ಮುದ್ರೆ ಇದ್ದ ಕಾಗದ ಮನೆಗೆ ಬಂದದ್ದರಿಂದ ಹಣ ಮಂಜೂರಾಯಿತೆಂದೇ ತಿಳಿದು ಅದನ್ನು ಅಂಚೆ ಕಚೇರಿಗೆ ಒಯ್ದಿದ್ದಳು. ಅವರು ಓದಿ ಹೇಳಿ ಕಳಿಸಿದ್ದರು. ಯಾರು ತೋರಿಸಿದರೋ, ನೇರ ನನ್ನ ಮೇಜಿನ ಮುಂದೆ ಬಂದು ನಿಂತು, “ನೀನೇಯಾ ಬುದ್ದಿ ಇದ ಬರ್ದೋನು?” ಎಂದಳು. ಜಗಳದ ದನಿಯಲ್ಲಿ ಅಲ್ಲ. ಬರೆದವನು ಯಾರೆಂದು ತಿಳಿಯುವುದಷ್ಟೇ ಅವಳಿಗೆ ಬೇಕಿತ್ತು. ಹೂಂ ಎಂದೆ. ಅಲ್ಲೇ ಗೋಡೆಗೆ ಒರಗಿ ಕೂತಳು. ಬಯ್ಯಲಿಲ್ಲ, ಅಳಲಿಲ್ಲ. ಮಧ್ಯಾಹ್ನದ ತನಕ ಕೂತಿದ್ದಳು. ನನಗೆ ಬೇರೆ ಕಡತ ಓದಲಾಗಲಿಲ್ಲ.

ಸಾವಾಗಿ ವರ್ಷ ಕಳೆದಿದ್ದರೆ ನೋಂದಣಿಗೆ ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. (2023ರ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂದಿದೆ.) ಗ್ರಾಮಲೆಕ್ಕಿಗನನ್ನು ಹಾಡಿಗೆ ಕಳಿಸಿ ಮಹಜರು ಮಾಡಿಸಿದೆವು. ಗುರುತಿನ ವಕೀಲರೊಬ್ಬರು ಫೀಸಿಲ್ಲದೆ ಅರ್ಜಿ ಹಾಕಿದರು. ಐದಾರು ತಿಂಗಳಾದ ಮೇಲೆ ವೇತನ ಬಂತು. ಇದನ್ನು ನನ್ನ ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮೊದಲು ತಿರಸ್ಕರಿಸಿದವನು ನಾನೇ. ಆಕೆಗೆ ಒಂದು ಮೇಜು ಸಿಕ್ಕಿತು, ಆದ್ದರಿಂದ ನನಗೆ ನಾಚಿಕೆಯಾಯಿತು. ಸಹಿಯ ಅಗತ್ಯವಿಲ್ಲದ ಕಾಗದ ಹಿಡಿದು ಬಂದಿದ್ದರೆ ಆಕೆ ಯಾವ ಗೋಡೆಗೆ ಒರಗಿ ಕೂರಬೇಕಿತ್ತು?

ಇದು ಬರೀ ಮುದುಕನ ಕಳವಳ ಎನ್ನುವವರಿದ್ದಾರೆ. ಅವರು ನೆರೆಯ ತೆಲಂಗಾಣವನ್ನು ನೋಡಬೇಕು. ಅಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಹಲವು ಇಲಾಖೆಗಳ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಹೆಸರು ವಿಳಾಸಗಳ ಹೋಲಿಕೆ ನೋಡಿ, ಈ ಮನೆಯವರು ಬಡವರು ಹೌದೋ ಅಲ್ಲವೋ ಎಂದು ಹೇಳುತ್ತದೆ. ರಿಕ್ಷಾ ತುಳಿಯುತ್ತಿದ್ದವನೊಬ್ಬನ ಕುಟುಂಬಕ್ಕೆ ಕಾರಿದೆಯೆಂದು ಪಡಿತರ ನಿಂತಿತು. ಕಾರು ಹೆಸರು ಹೋಲುವ ಬೇರೊಬ್ಬನದು. ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆ ಮನೆಗೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಾಲಿನಲ್ಲಿ ನಡೆದು ಮಾಡಬೇಕಾದ ಕೆಲಸವನ್ನು ಉಳಿಸಲು ಯಂತ್ರ ತಂದರು, ಕೊನೆಗೆ ನಡೆಯುವುದು ತಪ್ಪಲಿಲ್ಲ. ನಡುವೆ ಎಷ್ಟು ಮನೆಯ ಒಲೆ ಹೊತ್ತಲಿಲ್ಲವೋ.

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಿ.ಪಿ.ಎಲ್. ಕಾರ್ಡುಗಳು ರದ್ದಾಗತೊಡಗಿದಾಗ ಏನಾಯಿತೆಂದು ನೆನಪಿರಬಹುದು. ನ್ಯಾಯಬೆಲೆ ಅಂಗಡಿಯವನು ‘ಮಿಷನ್ ತಗೊಳ್ತಾ ಇಲ್ಲ’ ಎನ್ನುವ, ತಾಲ್ಲೂಕಿಗೆ ಹೋದರೆ ‘ಮೇಲಿಂದಲೇ ಆಗಿದೆ’ ಎನ್ನುವರು. ಗಲಾಟೆ ಜೋರಾದ ಮೇಲೆ ಸರ್ಕಾರ ಹಿಂದೆ ಸರಿದು, ತೆರಿಗೆ ಕಟ್ಟುವವರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರ ಕಾರ್ಡನ್ನು ವಾಪಸು ಕೊಡುವುದಾಗಿ ಹೇಳಿತು. ಅದು ಎ.ಐ. ಮಾಡಿದ್ದಲ್ಲ, ಬರೀ ಪಟ್ಟಿ ತಾಳೆ ನೋಡಿದ್ದು ಎಂದು ನನ್ನ ಸೋದರಳಿಯ ತಿದ್ದಿದ. ಸರಿ. ಬರೀ ಪಟ್ಟಿಯೇ ಇಷ್ಟು ಮಾಡುವುದಾದರೆ, ತಾನು ಯಾಕೆ ಹೀಗೆಂದೆ ಎಂಬುದನ್ನು ತಯಾರಿಸಿದವರಿಗೇ ಬಿಡಿಸಿ ಹೇಳಲಾರದ ಯಂತ್ರದ ಕೈಗೆ ಕೊಟ್ಟರೆ ‘ಮೇಲಿಂದಲೇ’ ಎಂಬ ಆ ಮೇಲು ಎಲ್ಲಿದೆಯೆಂದು ಹುಡುಕುವುದು? ನೆದರ್ಲೆಂಡ್ಸಿನಂಥ ಸಿರಿವಂತ ದೇಶದಲ್ಲಿ, ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಮೋಸ ಮಾಡಿದ್ದಾರೆಂದು ಸಾವಿರಾರು ತಂದೆತಾಯಂದಿರನ್ನು ತೆರಿಗೆ ಇಲಾಖೆ ತಪ್ಪಾಗಿ ಹಿಡಿದು ಸಾಲದಲ್ಲಿ ಮುಳುಗಿಸಿತು. ಯಾರ ಮೇಲೆ ಅನುಮಾನ ಪಡಬೇಕೆಂದು ಲೆಕ್ಕ ಹಾಕಲು ಅಲ್ಲಿ ಬಳಸಿದ ಯಂತ್ರವು ವಿದೇಶಿ ಪೌರತ್ವವನ್ನೂ ಒಂದು ಗುರುತೆಂದು ಎಣಿಸುತ್ತಿತ್ತು. 2021ರ ಜನವರಿಯಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಅಲ್ಲಿ ಕೊನೆಗೆ ಮಂತ್ರಿಗಳಾದರೂ ಇಳಿದರು. ಯಂತ್ರ ಇಳಿಯುವುದು ಎಲ್ಲಿಂದ?

ನಮ್ಮ ತಾಲ್ಲೂಕಿನ ಸಂಗತಿ ಇನ್ನೂ ಬೇರೆ. ಯಂತ್ರ ತಾಳೆ ನೋಡುವುದು ನಾವು ಬರೆದಿಟ್ಟ ದಾಖಲೆಗಳ ಜೊತೆಗೆ. ನಾವು ಹೇಗೆ ಬರೆದಿದ್ದೇವೆಂದು ನಮಗೆ ಗೊತ್ತು. ದರ್ಖಾಸ್ತಿನಲ್ಲಿ ಕೊಟ್ಟ ಜಮೀನುಗಳನ್ನು ಅಳತೆ ಮಾಡದೆ, ದುರಸ್ತಿಯಾಗದೆ, ಒಂದೇ ಸರ್ವೆ ನಂಬರಿನಲ್ಲಿ ‘ಪೈಕಿ’ ಎಂದು ಹತ್ತಾರು ಜನರನ್ನು ಸೇರಿಸಿದ ಪಹಣಿಗಳು ಎಷ್ಟೋ ಇವೆ. ಎಲ್ಲರ ವಿಸ್ತೀರ್ಣ ಕೂಡಿದರೆ ಆಕಾರ್‌ಬಂದ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಇದನ್ನು ನೋಡಿದ ಯಂತ್ರ ಏನೆನ್ನಬೇಕು? ವ್ಯತ್ಯಾಸವಿದೆ, ಅನುಮಾನಾಸ್ಪದ, ತಿರಸ್ಕರಿಸಬಹುದು. ಹಳೆಯ ಗುಮಾಸ್ತನಿಗೆ ಗೊತ್ತು, ಇದು ರೈತನ ಮೋಸವಲ್ಲ, ಅಳತೆ ಮಾಡದ ನಮ್ಮದೇ ಸೋಮಾರಿತನ ಎಂದು. ಕಚೇರಿ ಮಾಡಿದ ತಪ್ಪಿಗೆ ಅರ್ಜಿದಾರ ದಂಡ ತೆರಬೇಕಾಗುತ್ತದೆ.

ಇನ್ನು ಹಾಡಿಗಳು. ಒಂದು ಹಾಡಿಯಲ್ಲಿ ನಾಲ್ವರು ಬೊಮ್ಮ, ಮೂವರು ಕಾಳ ಇರುವುದು ಸಾಮಾನ್ಯ. ಒಬ್ಬನೇ ಬೊಮ್ಮ ರೇಷನ್ ಕಾರ್ಡಿನಲ್ಲಿ ಬೊಮ್ಮಯ್ಯ, ಮತಪಟ್ಟಿಯಲ್ಲಿ ಬೊಮ್ಮಣ್ಣ, ಆಧಾರ್‌ನಲ್ಲಿ ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ವಾಪಸಾಗುವಷ್ಟರಲ್ಲಿ ಬೋಮಾ. ಹುಟ್ಟಿದ ದಿನ ಕೇಳಿದರೆ ಅರ್ಧ ಹಾಡಿ ಜನವರಿ 1ರಂದು ಹುಟ್ಟಿದೆ. ಇವರನ್ನು ಒಬ್ಬನೆಂದು ಗುರುತಿಸುವುದು ಪಕ್ಕದ ಮನೆಯ ಮುದುಕಿ, ಅಂಗನವಾಡಿ ಟೀಚರು.

ನಾಗರಹೊಳೆಯಿಂದ ಎಬ್ಬಿಸಿದ ಆದಿವಾಸಿಗಳು ಎಷ್ಟು ಮಂದಿ ಎಂಬುದಕ್ಕೆ ಸರ್ಕಾರದ ಬಳಿ ನೆಟ್ಟಗೆ ಲೆಕ್ಕವಿರಲಿಲ್ಲ. ಹೈಕೋರ್ಟ್ ಆದೇಶದ ಮೇಲೆ ಆದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟು 3,418 ಕುಟುಂಬಗಳೆಂದು ಹೇಳಿತು. ಅಲ್ಲಿಯ ತನಕ ಆ ಕುಟುಂಬಗಳು ಯಾವ ಕಂಪ್ಯೂಟರಿನಲ್ಲಿಯೂ ಕಾಣದೆ ಬದುಕಿದ್ದವು. ಎಪ್ಪತ್ತರ ದಶಕದಲ್ಲಿ ಎಬ್ಬಿಸಿದವನ ಗುಡಿಸಲು 2005ರ ಉಪಗ್ರಹ ಚಿತ್ರದಲ್ಲಿ ಕಾಣುವುದಾದರೂ ಹೇಗೆ? ಎಬ್ಬಿಸದೆ ಉಳಿದವನ ಹುಲ್ಲಿನ ಗುಡಿಸಲೂ ಮರದ ಕೆಳಗಿರುತ್ತದೆ. ಮೇಲಿಂದ ಕಾಣುವುದು ಮರ.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಬರೆದವರಿಗೆ ಈ ವಿಷಯ ಗೊತ್ತಿತ್ತು. ಅದರ ನಿಯಮಗಳಲ್ಲಿ ಸಾಕ್ಷ್ಯದ ಪಟ್ಟಿ ಇದೆ. ಸರ್ಕಾರಿ ದಾಖಲೆ, ನಕ್ಷೆ, ಉಪಗ್ರಹ ಚಿತ್ರ ಇವೆಲ್ಲದರ ಜೊತೆಗೆ ಮನೆ, ಬದು, ಬಾವಿ, ಸ್ಮಶಾನ, ದೇವರ ಜಾಗಗಳೂ ಇವೆ. ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಇದೆ. ಇವುಗಳಲ್ಲಿ ಯಾವ ಎರಡಿದ್ದರೂ ಆಗಬಹುದು. ಅಷ್ಟೇ ಅಲ್ಲ, 2012ರ ತಿದ್ದುಪಡಿಯಲ್ಲಿ, ಉಪಗ್ರಹ ಚಿತ್ರ ಮತ್ತಿತರ ತಂತ್ರಜ್ಞಾನ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಗೆ ಬರಕೂಡದೆಂದು ಸ್ಪಷ್ಟವಾಗಿ ಸೇರಿಸಿದ್ದಾರೆ. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, 60 ದಿನದೊಳಗೆ ಮೇಲ್ಮನವಿಗೆ ಅವಕಾಶವಿರಬೇಕು. ಆ ಮೇಲ್ಮನವಿ ಹೋಗುವುದು ಹುಣಸೂರಿನ ಉಪವಿಭಾಗಕ್ಕೆ, ಅಲ್ಲಿ ಒಬ್ಬ ಅಧಿಕಾರಿ ಕೂತಿರುತ್ತಾರೆ ಎಂಬುದು ಡಿ.ಬಿ. ಕುಪ್ಪೆಯವನಿಗೂ ಗೊತ್ತು. ಕಾಡಿನವರಿಗೆ ಮಾಡಿದ ಈ ನಿಯಮ ಊರಿನವರಿಗೆ ಯಾಕೆ ಬೇಡ? ಬಗರ್‌ಹುಕುಂ ಅರ್ಜಿಗಳಿಗೂ ಈಗ ಉಪಗ್ರಹ ಚಿತ್ರ ನೋಡುತ್ತಾರೆ. ನೋಡಲಿ. ಸುಳ್ಳು ಅರ್ಜಿಗಳು ಇಲ್ಲವೆಂದು ನಾನು ಹೇಳುವುದಿಲ್ಲ, ಬೇಕಾದಷ್ಟಿವೆ. ಆದರೆ ಚಿತ್ರದಲ್ಲಿ ಇಲ್ಲವೆಂದು ತಿರಸ್ಕರಿಸುವ ಮೊದಲು ಒಬ್ಬ ಹೊಲದ ಬದುವಿನ ಮೇಲೆ ನಿಂತು ಬರಬೇಕು.

ಇದಕ್ಕೆ ಒಂದು ಉತ್ತರ ಸಿದ್ಧವಿದೆ: “ಕೊನೆಗೆ ಅಧಿಕಾರಿಯೇ ಒಪ್ಪಿಗೆ ಕೊಡೋದು ಮಾವ, ಎ.ಐ. ಬರೀ ಶಿಫಾರಸು ಮಾಡುತ್ತೆ.” ಕಚೇರಿಯೊಳಗೆ ಒಂದು ದಿನ ಕೂತವರು ಈ ಮಾತನ್ನು ನಂಬುವುದಿಲ್ಲ. ಅಧಿಕಾರಿಗಳ ಡಿಜಿಟಲ್ ಸಹಿಯ ಡಾಂಗಲ್ ಯಾರ ಡ್ರಾಯರಿನಲ್ಲಿ ಇರುತ್ತಿತ್ತು ಎಂಬುದು ನಮಗೆಲ್ಲ ಗೊತ್ತಿರುವ ಗುಟ್ಟು. ಸಾಹೇಬರು ಪ್ರವಾಸದಲ್ಲಿ ಇರುತ್ತಿದ್ದರು, ಅವರ ಸಹಿ ಆಪರೇಟರ್ ಹುಡುಗನ ಕೈಯಲ್ಲಿ ಬೀಳುತ್ತಿತ್ತು. ಒಂದು ಬೆಳಗ್ಗೆ ಇನ್ನೂರು ಕಡತ ‘ತಿರಸ್ಕರಿಸಬಹುದು’ ಎಂಬ ಶಿಫಾರಸಿನೊಡನೆ ಸಾಲಾಗಿ ಬಂದು ನಿಂತರೆ, ಒಂದನ್ನು ತೆಗೆದು ‘ಯಾಕೆ?’ ಎಂದು ಕೇಳುವ ಅಧಿಕಾರಿಗೆ ಆ ದಿನದ ಬಾಕಿಪಟ್ಟಿಯಲ್ಲಿ ಕೆಂಪು ಬೀಳುತ್ತದೆ. ಸುಮ್ಮನೆ ಒತ್ತುವವನಿಗೆ ಹಸಿರು. ಗ್ರಾಮ ಆಡಳಿತ ಅಧಿಕಾರಿಗಳು 2024ರಲ್ಲಿ ಮುಷ್ಕರ ಕೂತದ್ದು ಯಾಕೆ? ಒಂದರ ಮೇಲೊಂದು ಆ್ಯಪ್ ಹೇರಿದ್ದಾರೆ, ಕೆಲಸ ಮಾಡಲು ತಕ್ಕ ಸಲಕರಣೆ ಇಲ್ಲ ಎಂದು. ಜನರ ಹತ್ತಿರ ಹೋಗಬೇಕಾದವನು ಫೋನಿನಲ್ಲಿ ಫೋಟೋ ಏರಿಸುತ್ತಾ ಕೂತರೆ ಹಾಡಿಗೆ ಹೋಗಿ ಮಹಜರು ಮಾಡುವವರು ಯಾರು?

ಯಂತ್ರ ಲಂಚ ತಿನ್ನುವುದಿಲ್ಲ, ನಿಜ. ಆದರೆ ಯಂತ್ರಕ್ಕೆ ಹೇಗೆ ಅರ್ಜಿ ಹಾಕಿದರೆ ಪಾಸಾಗುತ್ತದೆ ಎಂದು ಬಲ್ಲವನು ಹುಟ್ಟಿಕೊಳ್ಳುತ್ತಾನೆ, ಅವನು ತಿನ್ನುತ್ತಾನೆ. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತು ನೋಡಿದರೆ ಸಾಕು.

ಯೂರೋಪಿನ ದೇಶಗಳಲ್ಲಿ, ಬರೀ ಯಂತ್ರವೇ ತೀರ್ಮಾನಿಸಿದ್ದು ತನ್ನ ಬದುಕಿಗೆ ತಟ್ಟುವಂತಿದ್ದರೆ ಮನುಷ್ಯನೊಬ್ಬ ನೋಡಬೇಕೆಂದು ಕೇಳುವ ಹಕ್ಕು 2018ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅಂಥ ಹಕ್ಕನ್ನು ಬರೆದಿಲ್ಲ. ಇರುವುದು ಒಂದೇ, 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮಿನಲ್ಲಿ ಒಂದು ಸಾಲು: ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವನ್ನು ಬಾಧಿತನಾದವನಿಗೆ ತಿಳಿಸಬೇಕು ಎಂಬುದು. ‘ಸಿಸ್ಟಮ್ ಒಪ್ಪಲಿಲ್ಲ’ ಎಂಬುದು ಕಾರಣವಲ್ಲ ಎಂದು ಯಾರಾದರೂ ಕೋರ್ಟಿಗೆ ಹೋಗಿ ಹೇಳಿಸಬೇಕಾದ ದಿನ ದೂರವಿಲ್ಲ.

ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಮಂಜೂರಾತಿಯನ್ನು ಯಂತ್ರಕ್ಕೆ ಬಿಡಲಿ. ತಿರಸ್ಕರಿಸಬೇಕೆಂದು ಯಂತ್ರ ಹೇಳಿದ ಕಡತ ಮಾತ್ರ ಒಬ್ಬ ನೌಕರನ ಮೇಜಿಗೆ ಬರಲಿ. ಅವನು ಅರ್ಜಿದಾರನನ್ನು ಕರೆಸಲಿ, ಇಲ್ಲವೇ ತಾನೇ ಹೋಗಲಿ. ಆಮೇಲೂ ಇಲ್ಲವೆನ್ನಬೇಕಾದರೆ ತನ್ನ ಮಾತಿನಲ್ಲಿ ಕಾರಣ ಬರೆದು, ಹೆಸರು ಹಾಕಿ, ಕೂರುವ ಕೋಣೆಯ ನಂಬರನ್ನೂ ಹಾಕಲಿ. ಬಾಕಿಯ ಜೊತೆಗೆ ತಿರಸ್ಕಾರವನ್ನೂ ತಿಂಗಳ ಸಭೆಯಲ್ಲಿ ಎಣಿಸಲಿ.

ದೀಪಾವಳಿಯ ಮಾರನೆಯ ದಿನ ಹೊರಡುವಾಗ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಅನ್ನೋದಕ್ಕೆ ಜನ ಇಡಲೇಬೇಕು ಅಂದ್ರೆ ಉಳಿತಾಯ ಎಲ್ಲಿ ಬಂತು ಮಾವ? ನಮ್ಮದನ್ನ ಕೊಂಡ್ಕೊಳ್ಳೋದೇ ಜನ ಕಮ್ಮಿ ಮಾಡೋಕೆ” ಎಂದ. ಹಾಗಾದರೆ ನಿಮ್ಮ ಕರಪತ್ರದಲ್ಲಿ ಜನರ ಸೇವೆಗೆ ಎಂದು ಯಾಕೆ ಹಾಕಿದ್ದೀರಿ ಎಂದೆ. ಕಂಪನಿಯಲ್ಲಿ ಕೇಳುತ್ತೇನೆ ಎಂದು ಹೋಗಿದ್ದಾನೆ. ಯುಗಾದಿಗೆ ಬರುತ್ತಾನಂತೆ.